ಹಾಪ್‌ಕಾಮ್ಸ್ ಮಳಿಗೆ: ತಕ್ಕಡಿ ಹಿಂದೆ ನಿಂತಿರೋರಿಗೆ ಫುಲ್ ಮಾರ್ಕ್ಸ್

ಬೆಂಗಳೂರಿನ ಹಣ್ಣು-ತರಕಾರಿ ಸಹಕಾರ ಮಳಿಗೆ ಹಾಪ್‌ಕಾಮ್ಸ್ ಅಂದ್ರೆ ನಂಗೆ ತುಂಬಾ ಇಷ್ಟ, 1959ರಲ್ಲಿ ತೋಟಗಾರಿಕೆ ತಜ್ಞ ಮರಿಗೌಡ್ರ ಪ್ರಯತ್ನದಿಂದ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಶುರುವಾಗಿದ್ದು, ರೇಟು ಬೋರ್ಡಲ್ಲೇ ಇರುತ್ತೆ, ಚೌಕಾಸಿ ಗೋಜಿಲ್ಲ. ಆದ್ರೆ ನಾನು ಐದು ಸ್ಟಾರ್ ಕೊಡ್ತಿರೋದು ಒಳಗೆ ಕೆಲಸ ಮಾಡೋರಿಗೆ. ನಮ್ಮ ಏರಿಯಾ ಮಳಿಗೆ ಅಣ್ಣ ಬೆಳಿಗ್ಗೆ ಕ್ರೇಟ್ ಇಳಿಸ್ಕೊಂಡು ಕೊಳೆತಿದ್ದೆಲ್ಲ ಆರಿಸಿ ತೆಗ್ದು, ಸೊಪ್ಪಿಗೆ ನೀರು ಚಿಮುಕಿಸಿ ಒದ್ದೆ ಗೋಣಿಚೀಲ ಹೊದಿಸಿ, ಬಾಳೆಹಣ್ಣನ್ನ ಸೌತೆಕಾಯಿಂದ ದೂರ ಇಡ್ತಾರೆ, ಯಾಕಣ್ಣ ಅಂದ್ರೆ "ಬಾಳೆ ಬಿಡೋ ಗ್ಯಾಸಿಗೆ ಸೌತೆ ಬೇಗ ಹಳದಿ ಆಗ್ಬಿಡುತ್ತೆ ಮೇಡಂ" ಅಂದ್ರು. ಇಡೀ ದಿನ ನಿಂತೇ ಇರೋ ಕೆಲಸ, ಆದ್ರೂ ಪಪ್ಪಾಯ ಇವತ್ತಿಗಾ ನಾಳಿದ್ದಿಗಾ ಅಂತ ಕೇಳಿ ಅದೇ ಥರದ್ದು ಆರಿಸಿ ಕೊಡ್ತಾರೆ. ಸೊಪ್ಪು ಬೇಕಿದ್ರೆ ಬೆಳಿಗ್ಗೆನೇ ಹೋಗಿ, ಮತ್ತೆ ದಯವಿಟ್ಟು ಟೊಮೆಟೊ ಹಿಚುಕಿ ಹಿಚುಕಿ ನೋಡ್ಬೇಡಿ.