ಇನ್ಸುಲಿನ್ ಕೊರತೆಯ ಕಾಲದಲ್ಲಿ ವಿದ್ಯಾನಗರದ ಒಂದು ಔಷಧಿ ಅಂಗಡಿ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ, ಕಿಮ್ಸ್ ಆಸ್ಪತ್ರೆಯಿಂದ ನಡೆದು ಹೋಗುವಷ್ಟು ಹತ್ತಿರ ಇರುವ ಈ ಔಷಧಿ ಅಂಗಡಿ ನೋಡಲು ತೀರ ಸಾಧಾರಣವಾದದ್ದು. ಬೇಕಾದ ಔಷಧಿಯೆಲ್ಲ ಸಿಗುವ ಕಾಲದಲ್ಲಿ ಇದಕ್ಕೂ ಪಕ್ಕದ ಅಂಗಡಿಗೂ ಇರುವ ವ್ಯತ್ಯಾಸ ಯಾರಿಗೂ ಕಾಣುವಂಥದ್ದಲ್ಲ.

ನಮ್ಮ ತಾಯಿಯವರು ಸಕ್ಕರೆ ಕಾಯಿಲೆಗೆ ಹಲವು ವರ್ಷಗಳಿಂದ 30/70 ಮಿಶ್ರಣದ (30 ಪಾಲು ಬೇಗ, 70 ಪಾಲು ನಿಧಾನವಾಗಿ ಕೆಲಸ ಮಾಡುವ) ಹ್ಯೂಮನ್ ಇನ್ಸುಲಿನ್ ಅನ್ನು ಪೆನ್ನಿನಂಥ ಚುಚ್ಚುವ ಸಾಧನದ ಮೂಲಕ ತೆಗೆದುಕೊಳ್ಳುತ್ತಿದ್ದರು. ಆ ಪೆನ್ನಿಗೆ ಹಾಕುವ ಕಾರ್ಟ್ರಿಜ್ ಸಿಗುವುದು ಕಷ್ಟವಾದಾಗ, ಇನ್ನೊಂದು ಅಂಗಡಿಯವರು ಎಲ್ಲವೂ ಒಂದೇ ಎಂದು ಹೇಳಿ ಬೇರೆ ಬಗೆಯ ಇನ್ಸುಲಿನ್ ಕೊಡಲು ಮುಂದಾಗಿದ್ದರು. ಇಲ್ಲಿನ ಫಾರ್ಮಾಸಿಸ್ಟ್ ಚೀಟಿಯನ್ನು ಪೂರ್ತಿ ಓದಿ, "ಅಮ್ಮಾರ, ಡಾಕ್ಟರನ್ನ ಕೇಳದ ಬ್ಯಾರೆ ಕೊಡಾಕ ಬರಂಗಿಲ್ಲರಿ" ಎಂದರು. ಇದು ಬರೀ ಅವರ ಎಚ್ಚರಿಕೆಯಲ್ಲ, ಕಾನೂನು ಕೂಡ: 1945ರ ಔಷಧ ನಿಯಮಗಳ ಪ್ರಕಾರ, ಶೆಡ್ಯೂಲ್ ಎಚ್ ಔಷಧಿಯನ್ನು, ಅಂದರೆ ಚೀಟಿಯ ಮೇಲೆ ಮಾತ್ರ ಮಾರಬಹುದಾದ ಔಷಧಿಯನ್ನು, ವೈದ್ಯರು ಬರೆದಿದ್ದರೆ, ಅದರ ಬದಲಿಗೆ ಮತ್ತೊಂದನ್ನು ಅಂಗಡಿಯವರು ತಾವಾಗಿಯೇ ಕೊಡುವಂತಿಲ್ಲ. ಹ್ಯೂಮನ್ ಇನ್ಸುಲಿನ್ ಅನ್ನು ಊಟಕ್ಕೆ ಸುಮಾರು ಅರ್ಧ ಗಂಟೆ ಮೊದಲು ತೆಗೆದುಕೊಳ್ಳಬೇಕಾದರೆ, ಹೊಸ ಬಗೆಯ ಮಿಶ್ರಣಗಳಲ್ಲಿ ಹಲವನ್ನು ಊಟದ ಹೊತ್ತಿಗೇ ತೆಗೆದುಕೊಳ್ಳಬೇಕು. ಗೊತ್ತಿಲ್ಲದೆ ಬದಲಾಯಿಸಿಕೊಂಡು ಹಳೆಯ ರೂಢಿಯಂತೆ ಕಾದು ಕುಳಿತವರ ಸಕ್ಕರೆಯ ಪ್ರಮಾಣ ಅಪಾಯದ ಮಟ್ಟಕ್ಕೆ ಇಳಿಯಬಹುದು.

ಅವರು ಇಲ್ಲವೆಂದು ಹೇಳಿ ನಮ್ಮನ್ನು ಕಳುಹಿಸಿಬಿಡಲಿಲ್ಲ. ಸ್ಟಾಕಿಸ್ಟರಿಗೆ ಫೋನ್ ಮಾಡಿ ವಿಚಾರಿಸಿದರು, ನಂತರ ನಮ್ಮ ವೈದ್ಯರಿಗೇ ಕರೆ ಮಾಡಿ, ಸದ್ಯ ಯಾವ ಯಾವ ಇನ್ಸುಲಿನ್ ಕೈಗೆ ಸಿಗುತ್ತಿವೆ ಎಂಬುದನ್ನು ತಿಳಿಸಿದರು. ವೈದ್ಯರು ಅದೇ ಮಿಶ್ರಣದ ವಯಲ್ (ಸಿರಿಂಜಿನಿಂದ ಎಳೆದುಕೊಳ್ಳುವ ಸಣ್ಣ ಬಾಟಲಿ) ಬಳಸಲು ಸೂಚಿಸಿ ಹೊಸ ಚೀಟಿ ಬರೆದುಕೊಟ್ಟರು.

ನನ್ನ ಮಟ್ಟಿಗೆ ಈ ಅಂಗಡಿಯ ನಿಜವಾದ ಯೋಗ್ಯತೆ ಕಂಡದ್ದು ಅದರ ನಂತರ. ಕಾರ್ಟ್ರಿಜ್‌ನಲ್ಲಿ ಒಂದು ಮಿಲಿಲೀಟರಿಗೆ 100 ಯೂನಿಟ್ ಇದ್ದರೆ, ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ವಯಲ್‌ನಲ್ಲಿ 40 ಯೂನಿಟ್ ಇರುತ್ತದೆ. ವಯಲ್‌ಗೆ ಕೆಂಪು ಮುಚ್ಚಳದ, 40ರ ಗುರುತುಳ್ಳ ಸಿರಿಂಜನ್ನೇ ಬಳಸಬೇಕು. ಕಿತ್ತಳೆ ಮುಚ್ಚಳದ 100ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ದೇಹಕ್ಕೆ ಹೋಗುವುದು 8 ಯೂನಿಟ್ ಮಾತ್ರ. ಹಳೆಯ ಕಾರ್ಟ್ರಿಜ್‌ನಲ್ಲಿ ಉಳಿದದ್ದನ್ನು 40ರ ಸಿರಿಂಜಿನಿಂದ 20ರ ಗೆರೆಯವರೆಗೆ ಎಳೆದವರಿಗೆ ಹೋಗುವುದು 50 ಯೂನಿಟ್, ಅದು ಜೀವಕ್ಕೇ ಅಪಾಯ. ಫಾರ್ಮಾಸಿಸ್ಟ್ ಎರಡೂ ಸಿರಿಂಜುಗಳನ್ನು ಮುಂದಿಟ್ಟು ಇದನ್ನು ವಿವರಿಸಿದರು. ಬಿಳಿಯ ಇನ್ಸುಲಿನ್ ಅನ್ನು ಜೋರಾಗಿ ಕುಲುಕದೆ ಅಂಗೈಗಳ ನಡುವೆ ಉರುಳಿಸುವುದನ್ನು ತೋರಿಸಿ, ಖಾಲಿ ಸಿರಿಂಜಿನಲ್ಲಿ ಗೆರೆ ಗುರುತಿಸುವುದನ್ನು ತಾಯಿಯವರ ಕೈಯಿಂದಲೇ ಮಾಡಿಸಿದರು. ಹಿಂದೆ ಸರದಿಯಲ್ಲಿ ನಿಂತವರು ಗೊಣಗಿದರೂ ಅವಸರ ಮಾಡಲಿಲ್ಲ.

ಉಳಿದಿದ್ದ ಕಾರ್ಟ್ರಿಜ್‌ಗಳನ್ನು ಅವರು ಕಣ್ಣು ಮಂಜಾಗಿ ಸಿರಿಂಜ್ ಹಿಡಿಯಲಾಗದವರಿಗೆಂದು ಕಾದಿರಿಸಿದ್ದರು. ಮುಂದಿನ ತಿಂಗಳುಗಳಿಗೂ ಸೇರಿಸಿ ಒಮ್ಮೆಲೇ ಕೊಳ್ಳಲು ಬಂದ ಗಿರಾಕಿಯೊಬ್ಬರಿಗೆ ವಿನಯದಿಂದಲೇ ಇಲ್ಲವೆಂದರು. ತಮ್ಮಲ್ಲಿ ಇಲ್ಲದ ಔಷಧಿಗೆ ಜನೌಷಧಿ ಕೇಂದ್ರದಲ್ಲಿ ವಿಚಾರಿಸಿರೆಂದು ಹೇಳುವುದನ್ನೂ ಕೇಳಿದ್ದೇನೆ. ವ್ಯಾಪಾರ ಬಿಟ್ಟುಕೊಟ್ಟು ಹೀಗೆ ಹೇಳುವವರು ಕಡಿಮೆ.

ಕೊರತೆಗಳೂ ಇವೆ. ಸಂಜೆ ವಿಪರೀತ ಜನಸಂದಣಿ ಇರುತ್ತದೆ, ವಯಸ್ಸಾದವರು ನಿಂತೇ ಕಾಯಬೇಕು. ಯಾವ ಔಷಧಿ ಬಂದಿದೆ, ಯಾವುದು ಬಂದಿಲ್ಲ ಎಂಬ ಫಲಕವೊಂದನ್ನು ಹೊರಗೆ ಹಾಕಿದರೆ ಕುಂದಗೋಳ, ನವಲಗುಂದದ ಕಡೆಯಿಂದ ಬಸ್ಸಿನಲ್ಲಿ ಬರುವವರಿಗೆ ಸರದಿಯಲ್ಲಿ ನಿಲ್ಲುವ ಕಷ್ಟವಾದರೂ ತಪ್ಪುತ್ತದೆ. ಫೋನ್ ಮಾಡಿದರೆ ಮಾಹಿತಿ ಕೊಡುತ್ತಾರೆ, ಆದರೆ ಮಧ್ಯಾಹ್ನದ ಹೊತ್ತು ಮಾತ್ರ ಕರೆ ಸುಲಭವಾಗಿ ಸಿಗುತ್ತದೆ. ಹೋಗುವವರು ಮೂಲ ಚೀಟಿಯನ್ನೂ ಸದ್ಯ ಬಳಸುತ್ತಿರುವ ಔಷಧಿಯ ಡಬ್ಬಿಯನ್ನೂ ಒಯ್ಯಬೇಕು. ಇನ್ಸುಲಿನ್ ತರುವವರು ಬೇಸಿಗೆಯಲ್ಲಿ ತಂಪು ಚೀಲವನ್ನು ಮರೆಯಬಾರದು.