ಡೈನೋ ಶೀಟಿನ 'ಎಂಜಿನ್ ಪವರ್' ನಂಬಬಹುದಾ? ಕೆಲವು ವರ್ಷ ಬಳಸಿದ ಮೇಲೆ

ಒಂದೇ ಟ್ಯೂನಿಂಗ್ ಗ್ಯಾರೇಜಿನ ರೋಲರ್ ಡೈನೋ (ಕಾರಿನ ಚಕ್ರಗಳನ್ನು ರೋಲರ್ ಮೇಲೆ ತಿರುಗಿಸಿ ಪವರ್ ಅಳೆಯುವ ಮಷೀನು) ಮೇಲೆ ನನ್ನ ಕಾರನ್ನು ಕೆಲವು ವರ್ಷಗಳಿಂದ ಓಡಿಸಿ ನೋಡುತ್ತಿದ್ದೇನೆ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್, ಮ್ಯಾನುಯಲ್ ಗೇರ್. ಮೊದಲಿಗೂ ಈಗಿಗೂ ಹೋಲಿಸಲು ಈ ಸರ್ವಿಸ್ ಚೆನ್ನಾಗಿದೆ. ಎಂಜಿನ್ನಿನ ಅಸಲಿ ಎಚ್‌ಪಿ ತಿಳಿಯಬೇಕು ಅಂತ ಹೋಗುವವರು ಮಾತ್ರ ಹುಷಾರು.

ರೋಲರ್ ಅಳೆಯುವುದು ಚಕ್ರಕ್ಕೆ ಬಂದು ತಲುಪಿದ ಪವರ್. ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಟಯರ್ ಎಲ್ಲ ತಮ್ಮ ಪಾಲು ಮುರಿದುಕೊಂಡ ಮೇಲೆ ಉಳಿದದ್ದು. ಇವರು ಅದಕ್ಕೆ ಕಣ್ಣುಮುಚ್ಚಿ 15 ಪರ್ಸೆಂಟ್ ಸೇರಿಸಿ 'ಎಂಜಿನ್ ಪವರ್' ಅಂತ ಪ್ರಿಂಟ್ ಕೊಡುತ್ತಾರೆ. ನನಗೆ ಸಿಟ್ಟು ಬರುವುದೇ ಇಲ್ಲಿ. ಚಕ್ರದಲ್ಲಿ 100 ಎಚ್‌ಪಿ ಬಂತು ಅನ್ನಿ. 15 ಪರ್ಸೆಂಟ್ ಸೇರಿಸಿದರೆ 115. ಆದರೆ ಎಂಜಿನ್ ಕೊಟ್ಟದ್ದರಲ್ಲಿ 15 ಪರ್ಸೆಂಟ್ ಹೋಗಿದೆ ಅಂದರೆ 100 ಅನ್ನು 0.85ರಿಂದ ಭಾಗಿಸಬೇಕು, ಆಗ 117.6. ಅಷ್ಟಕ್ಕೂ ಆ 15 ಎಲ್ಲ ಕಾರಿಗೂ ಒಂದೇ ಹೇಗಾಗುತ್ತದೆ? ಗೇರ್ ಆಯಿಲ್ ಎಷ್ಟು ಬಿಸಿಯಾಗಿದೆ, ಟಯರಿನಲ್ಲಿ ಗಾಳಿ ಎಷ್ಟಿದೆ, ಕಾರನ್ನು ಎಷ್ಟು ಬಿಗಿಯಾಗಿ ಕಟ್ಟಿದ್ದಾರೆ, ಎಲ್ಲದಕ್ಕೂ ನಷ್ಟ ಬದಲಾಗುತ್ತದೆ.

ಕೋಸ್ಟ್‌ಡೌನ್ ಮಾಡಿ ಅಂತ ಬಾಯಿಬಿಟ್ಟು ಕೇಳಿ, ಮಾಡಿಕೊಡುತ್ತಾರೆ. ಎಂಜಿನ್ ವೇಗ ರೆಡ್‌ಲೈನ್ (ಅದರ ಗರಿಷ್ಠ ಮಿತಿ) ಹತ್ತಿರ ಬಂದಾಗ ಕ್ಲಚ್ ಒತ್ತಿ, ಗೇರ್ ತೆಗೆಯದೆ, ರೋಲರ್ ತಾನಾಗಿ ನಿಧಾನವಾಗುವ ತನಕ ಸುಮ್ನೆ ಕೂರುತ್ತಾರೆ. ಅದು ಎಷ್ಟು ಬೇಗ ನಿಧಾನವಾಗುತ್ತದೋ ಅದರ ಮೇಲೆ ಮಷೀನು ನಷ್ಟದ ಲೆಕ್ಕ ಹಾಕುತ್ತದೆ. ಅಂದಾಜಿನ 15ಕ್ಕಿಂತ ಎಷ್ಟೋ ವಾಸಿ. ಆದರೂ ಆ ಹೊತ್ತಿನಲ್ಲಿ ಗೇರ್ ಹಲ್ಲುಗಳ ಮೇಲೆ ಎಂಜಿನ್ನಿನ ಲೋಡ್ ಇರುವುದಿಲ್ಲ. ಹಾಗಾಗಿ ನಷ್ಟ ಸ್ವಲ್ಪ ಕಡಿಮೆಯೇ ಕಾಣುತ್ತದೆ.

ಇನ್ನೊಂದು ತಕರಾರು ಕರೆಕ್ಷನ್‌ದು, ಅಂದರೆ ಆ ದಿನದ ಗಾಳಿಯ ಬಿಸಿ, ಒತ್ತಡ ನೋಡಿ ಪವರನ್ನು ಒಂದು ನಿಗದಿತ ಗಾಳಿಗೆ ಹೊಂದಿಸುವ ಲೆಕ್ಕದ್ದು. ಏರ್ ಫಿಲ್ಟರ್ ಬದಲಿಸಿದ ಮೇಲೆ "ನೋಡಿ ಸಾರ್, ಪವರ್ ಜಾಸ್ತಿ ಆಗಿದೆ" ಅಂದರು. ಎರಡೂ ಶೀಟ್ ಅಕ್ಕಪಕ್ಕ ಇಟ್ಟು ಮೂಲೆಯ ಸಣ್ಣ ಅಕ್ಷರ ಓದಿದೆ. ಹಳೆಯದರಲ್ಲಿ ಎಸ್‌ಎಇ, ಹೊಸದರಲ್ಲಿ ಎಸ್‌ಟಿಡಿ! ಎರಡೂ ಬೇರೆ ಬೇರೆ ಕರೆಕ್ಷನ್ ಮಾನದಂಡಗಳು. ಎಸ್‌ಎಇ ಜೆ1349 ಲೆಕ್ಕ 25 ಡಿಗ್ರಿ ಗಾಳಿಗೆ, ಹಳೆಯ ಎಸ್‌ಟಿಡಿ ಇನ್ನೂ ತಂಪಾದ, ಒತ್ತಡ ಹೆಚ್ಚಿರುವ ಗಾಳಿಗೆ. ಅದೇ ರನ್‌ಗೆ ಎಸ್‌ಟಿಡಿ ಮೂರ್ನಾಲ್ಕು ಪರ್ಸೆಂಟ್ ಜಾಸ್ತಿ ತೋರಿಸುತ್ತದೆ. ಎಸ್‌ಎಇಗೆ ಹಾಕಿಸಿ ಮತ್ತೆ ಪ್ರಿಂಟ್ ತೆಗೆಸಿದೆ. ಫಿಲ್ಟರಿನ ಲಾಭ ಹೆಚ್ಚುಕಡಿಮೆ ಮಾಯ.

ಮೆಚ್ಚಬೇಕಾದದ್ದೂ ಇದೆ. ಮುಂದೆ ದೊಡ್ಡ ಫ್ಯಾನ್ ಇಡುತ್ತಾರೆ, ರನ್‌ಗಳ ನಡುವೆ ಎಂಜಿನ್ ತಣಿಯಲು ಬಿಡುತ್ತಾರೆ, ಪ್ರತಿ ಸಲ ಅದೇ ನಾಲ್ಕನೇ ಗೇರ್. ಗ್ರಾಫ್‌ಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತವೆ. ಎಲ್ಲ ಕಡೆ ಇಷ್ಟು ತಾಳ್ಮೆ ಇರಲ್ಲ ಬಿಡಿ.

ಐದಕ್ಕೆ ನಾಲ್ಕು ಸ್ಟಾರ್. ಕಳೆದದ್ದು 'ಎಂಜಿನ್ ಪವರ್' ಕಾಲಮ್ಮಿಗೆ. ಹೋಗುವವರು ಚಕ್ರದ ಪವರ್, ಕರೆಕ್ಷನ್ ಹೆಸರು, ಕೋಸ್ಟ್‌ಡೌನ್ ನಷ್ಟ ಮೂರನ್ನೂ ಬೇರೆ ಬೇರೆಯಾಗಿ ಪ್ರಿಂಟ್ ಮಾಡಿಸಿಕೊಳ್ಳಿ.