ಸಾಣೆ ಗಾಡಿ, ಬಡಿಗನ ಕಲ್ಲು, ವಜ್ರದ ಪ್ಲೇಟು: ಹಟಮಾರಿ ಚಾಕುವಿಗೆ ಯಾವುದು?

ನಾನು ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಕೆಲಸ ಮಾಡೋನು. ತೊಗರಿ ಸುಗ್ಗಿಯಲ್ಲಿ ದಿನಕ್ಕೆ ಇನ್ನೂರು ಮುನ್ನೂರು ಚೀಲದ ಬಾಯಿ ಕೊಯ್ಯಬೇಕು. ಗೋಣಿಯ ನಾರೊಂದೇ ಆಗಿದ್ದರೆ ಚಾಕು ತಡೆಯುತ್ತಿತ್ತು, ಆದರೆ ಅದರ ಹೆಣಿಗೆಯೊಳಗೆ ಹೊಲದ ಮಣ್ಣು, ಮರಳು ಎಲ್ಲ ಕೂತಿರುತ್ತೆ. ಪೇಟೆಯ ಸ್ಟೀಲ್ ಚಾಕು ಎರಡೇ ದಿನಕ್ಕೆ ಮೊಂಡು. ಕಳೆದ ವರ್ಷ ಅಮೆರಿಕದಿಂದ ಬಂದ ಅಕ್ಕನ ಮಗ ಎಸ್90ವಿ ಅನ್ನೋ ಉಕ್ಕಿನ ಮಡಚುವ ಚಾಕು ಕೈಗಿಟ್ಟು, "ಮಾಮಾ, ಇದು ಲಗೂ ಮೊಂಡ ಆಗಂಗಿಲ್ಲ ನೋಡ್ರಿ" ಅಂದ. ಮೂರು ತಿಂಗಳು ಅವನ ಮಾತು ನಡೆಯಿತು. ನಾಲ್ಕನೇ ತಿಂಗಳು ಚಾಕು ಚೀಲದ ಬಾಯಿ ಹೊಲಿದ ಸುತ್ತಲಿ ದಾರದ ಮೇಲೆ ಜಾರತೊಡಗಿತು. ಅಲ್ಲಿಂದ ಶುರುವಾಯ್ತು ನನ್ನ ಪಂಚಾಯ್ತಿ.

ಮೊದಲು ಸಾಣೆ ಗಾಡಿ. ನಮ್ಮ ಓಣಿಗೆ ಸೈಕಲ್ಲಿಗೆ ಗಾಲಿಕಲ್ಲು ಕಟ್ಟಿಕೊಂಡು ಬರುವ ಚಾಚಾ ಒಬ್ಬರಿದ್ದಾರೆ. ಅವ್ವನ ಈಳಗಿ, ಟೇಲರ್‌ನ ಕತ್ತರಿ ಎಲ್ಲ ಅವರದೇ ಕೈ. ಪೆಡಲ್ ತುಳಿದು ಚಾಕು ಒತ್ತಿದರೆ ಎಂದಿನ ಹಾಗೆ ಕಿಡಿ ಪೊರಕೆಯಂತೆ ಹರಡಲಿಲ್ಲ. ಮೋಟು ಮೋಟು ಕೆಂಪು ಕಿಡಿ ನಾಲ್ಕು ಬಿದ್ದವು. "ಸಾಹೇಬ್ರ, ಇದು ಚಾಕು ಅಲ್ರಿ. ನಂದೇ ಕಲ್ಲು ತಿನ್ಲಕತ್ತದ" ಅಂದರು. ಬಿಡದೆ ಇನ್ನಷ್ಟು ಒತ್ತಿದರು. ತುದಿಯಲ್ಲಿ ಉಗುರಗಲ ಜಾಗ ಒಣಹುಲ್ಲಿನ ಬಣ್ಣಕ್ಕೆ ತಿರುಗಿ, ಅಂಚಿಗೊಂದು ನೀಲಿ ಗೆರೆ ಬಂತು. ಕಾವಿಗೆ ಅಷ್ಟು ಜಾಗದ ಹದ, ಅಂದರೆ ಗಟ್ಟಿತನ, ಹೋದಂತೆಯೇ. ನೀರಿಲ್ಲದೆ ಓಡುವ ಗಾಲಿಗೆ ತೆಳು ಅಂಚು ಕೊಟ್ಟ ತಪ್ಪು ನನ್ನದು, ಅವರದಲ್ಲ.

ಕಲ್ಲು ಯಾಕೆ ಸೋತಿತು? ಎಸ್90ವಿಯಲ್ಲಿ ಇಂಗಾಲ ಸುಮಾರು 2.3 ಪರ್ಸೆಂಟು, ಕ್ರೋಮಿಯಂ 14, ವನೇಡಿಯಂ 9. ಈ ವನೇಡಿಯಂ ಅನ್ನೋ ಲೋಹ ಇಂಗಾಲದ ಜೊತೆ ಕೂಡಿ ಉಕ್ಕಿನೊಳಗೆ ಗಟ್ಟಿ ಕಾಳುಗಳಾಗಿ ಕೂರುತ್ತೆ. ಉಂಡೆಯೊಳಗಿನ ಎಳ್ಳಿನ ಹಾಗೆ ಅನ್ಕೊಳ್ಳಿ. ವಿಕರ್ಸ್ ಗಟ್ಟಿತನದ ಲೆಕ್ಕದಲ್ಲಿ ಹದವಾದ ಉಕ್ಕು 700ರ ಆಚೀಚೆ, ಆ ಕಾಳು 2,600ಕ್ಕೂ ಮೇಲೆ. ಸಾಣೆಗಾಲಿಯಲ್ಲಿ ಸಾಮಾನ್ಯವಾಗಿ ಇರುವ ಅಲ್ಯೂಮಿನಿಯಂ ಆಕ್ಸೈಡ್ 2,000 ಚಿಲ್ಲರೆ ಅಷ್ಟೇ. ಹಂಗಾಗಿ ಗಾಲಿ ಕಾಳಿನ ಸುತ್ತಲಿನ ಉಕ್ಕನ್ನು ಕೆರೆದು ಹಾಕುತ್ತೆ, ಕಾಳು ಹಾಗೇ ಕೂತಿರುತ್ತೆ. ಅವ್ವ ಮೆಟ್ಟಿಲಿನ ಶಹಾಬಾದ್ ಕಲ್ಲಿಗೆ ತಿಕ್ಕಿ ಕೊಡ್ತೀನಿ ಅಂದಳು. ಅದು ಸುಣ್ಣದ ಕಲ್ಲು, ಉಕ್ಕಿಗಿಂತ ಮೆತ್ತಗೆ. ಬೇಡ ಅಂದೆ.

ಎರಡನೆಯದು ಬಡಿಗರು ಉಳಿ ಮಸೆಯುವ ಕಪ್ಪು ಕಲ್ಲು, ಒಂದು ಮೈ ಒರಟು, ಇನ್ನೊಂದು ನಯ. ಇದು ಸಿಲಿಕಾನ್ ಕಾರ್ಬೈಡ್, 2,500ರ ಆಸುಪಾಸು. ಆ ಕಾಳಿಗೆ ಹೆಚ್ಚುಕಡಿಮೆ ಸರಿಸಮ. ಎಣ್ಣೆ ಹಾಕಿ ತಿಕ್ಕಿದೆ. ಬೂದು ಕೆಸರು ರಾಶಿ ಬಂತು. ಆ ಕೆಸರಲ್ಲಿ ಚಾಕು ಕಮ್ಮಿ, ಕಲ್ಲೇ ಜಾಸ್ತಿ. ಒಂದು ಗಂಟೆ ಹತ್ತು ನಿಮಿಷ ಹಿಡಿದು ಪೇಪರ್ ಕೊಯ್ಯುವಷ್ಟು ಹರಿತವಾಯ್ತು ಖರೆ, ಆದರೆ ಕಲ್ಲಿನ ನಡುವೆ ತಗ್ಗು ಬಿತ್ತು. ಬೇಸಿಗೆಯ ಮಧ್ಯಾಹ್ನ ಕರೆಂಟಿಲ್ಲದಾಗ ಕೂತು ಮಾಡುವ ಕೆಲಸ ಅಲ್ಲ ಅದು. ವರ್ಷಕ್ಕೆರಡು ಸಲವಾದರೆ, ಕಿಸೆಯಲ್ಲಿ ದುಡ್ಡಿಲ್ಲದಿದ್ದರೆ, ನಡೆಯುತ್ತೆ.

ಮೂರನೆಯದು ವಜ್ರದ ಪ್ಲೇಟು. ಉಕ್ಕಿನ ತಗಡಿನ ಮೇಲೆ ನಿಕಲ್ ಲೇಪದಲ್ಲಿ ವಜ್ರದ ಪುಡಿ ಒಂದೇ ಒಂದು ಪದರ ಅಂಟಿಸಿರುತ್ತಾರೆ. ವಜ್ರ 8,000 ದಾಟುವ ಗಟ್ಟಿ, ಎದುರಿಗೆ ಯಾವ ಕಾಳೂ ನಿಲ್ಲಲ್ಲ. ಮೊದಲು ತರಿಸಿದ ಸಸ್ತಾ ಪ್ಲೇಟನ್ನು ಹಳೇ ಚಟದಲ್ಲಿ ಬಲವಾಗಿ ಒತ್ತಿ ತಿಕ್ಕಿ ಒಂದೇ ವಾರದಲ್ಲಿ ಬೋಳು ಮಾಡಿದೆ. ಪದರ ಒಂದೇ, ಕಿತ್ತು ಹೋದರೆ ಮುಗೀತು. ಎರಡನೇ ಸಲ 400 ಮತ್ತು 1000 ನಂಬರಿನವು (ನಂಬರ್ ಹೆಚ್ಚಿದಷ್ಟೂ ಪುಡಿ ನಯ) ತಂದು ಬುದ್ಧಿ ಕಲಿತೆ. ಚೀಲಕ್ಕೆ ನಂಬರ್ ಹಾಕುವ ಮಾರ್ಕರ್‌ನಿಂದ ಅಂಚಿನ ಇಳಿಜಾರಿಗೆ ಮಸಿ ಬಳಿಯೋದು. ಪ್ಲೇಟಿಗೆ ನೀರು, ಒಂದು ಹನಿ ಸೋಪು. ಚಾಕುವಿನ ಭಾರ ಬಿಟ್ಟು ಬೇರೆ ಭಾರ ಹಾಕದೆ ನಾಲ್ಕು ಸಲ ಎಳೆದು ನೋಡೋದು. ಮಸಿ ಬುಡದಲ್ಲಷ್ಟೇ ಹೋಗಿದ್ದರೆ ಬೆನ್ನು ಸ್ವಲ್ಪ ಎತ್ತಬೇಕು, ಅಂಚಲ್ಲಷ್ಟೇ ಹೋಗಿದ್ದರೆ ಇಳಿಸಬೇಕು. ಒಂದು ಮಗ್ಗುಲು ಆದ ಮೇಲೆ ಆಚೆ ಮಗ್ಗುಲಲ್ಲಿ ಹೆಬ್ಬೆರಳನ್ನು ಅಂಚಿನಿಂದ ಹೊರಕ್ಕೆ ಸವರಿದರೆ ಆಚೆಗೆ ಮಡಚಿಕೊಂಡ ಉಕ್ಕಿನ ಕೂದಲೆಳೆಯಷ್ಟು ಜುಂಗು ತಗುಲಬೇಕು. ತಗುಲದಿದ್ದರೆ ಅಂಚು ಇನ್ನೂ ಮುಟ್ಟಿಲ್ಲ ಅಂತ ಅರ್ಥ. ಸಾಣೆಯ ನೀಲಿ ಗೆರೆ ತೆಗೆಯೋಕೆ ಅರ್ಧ ಗಂಟೆ ಹೋಯ್ತು. ಈಗೆಲ್ಲ ಹದಿನೈದು ನಿಮಿಷದ ಕೆಲಸ.

ಮಸೆದ ಮೇಲೆ ಪಾಲಿಶ್. ಇದರಲ್ಲೂ ಎರಡು ಬಣ. ಹಳೇ ಬೆಲ್ಟಿನ ಚರ್ಮಕ್ಕೆ ಹಸಿರು ಪಾಲಿಶ್ ಹಚ್ಚಿ ಎಳೆದರೆ ಕನ್ನಡಿಯಂಥ ಹೊಳಪು ಬರುತ್ತೆ, ಮೀಸೆ ನೋಡ್ಕೋಬಹುದು. ಆದರೆ ಟೊಮೆಟೊ ಸಿಪ್ಪೆ ಮೇಲೆ ಚಾಕು ಜಾರಿತು. ಹಸಿರು ಪಾಲಿಶಿನ ಕ್ರೋಮಿಯಂ ಆಕ್ಸೈಡ್ ಕೂಡ ವನೇಡಿಯಂ ಕಾಳಿಗಿಂತ ಮೆತ್ತಗೆ. ಉಕ್ಕು ಉಜ್ಜಿಹೋಗುತ್ತೆ, ಚರ್ಮ ಬೇರೆ ತಗ್ಗಿ ಅಂಚು ಗುಂಡಗಾಗುತ್ತೆ. ಹೈದರಾಬಾದ್‌ನಿಂದ ತರಿಸಿದ 1 ಮೈಕ್ರಾನ್ ವಜ್ರದ ಪೇಸ್ಟನ್ನು ಸಾಗವಾನಿ ಪಟ್ಟಿಗೆ ಕಡ್ಲಿಬ್ಯಾಳಿಯಷ್ಟು ಹಚ್ಚಿ ಮಗ್ಗುಲಿಗೆ ಹತ್ತು ಸಲ ಎಳೆದೆ. ಹೊಳಪು ಅಷ್ಟಕ್ಕಷ್ಟೇ, ಆದರೆ ಟೊಮೆಟೊ ತನ್ನ ಭಾರಕ್ಕೇ ಬಿರಿಯಿತು.

ಇನ್ನೊಂದು ಮಾತು ನಾನೇ ನಂಬಿರಲಿಲ್ಲ. 1000 ಪ್ಲೇಟು, ಆಮೇಲೆ ಉದ್ದುದ್ದ ಪಾಲಿಶ್ ಮಾಡಿ ಕನ್ನಡಿಯಂತಾದ ಅಂಚು ಗೋಣಿಯ ಮೇಲೆ ಒಂದು ತಿಂಗಳಿಗೇ ಸೋತಿತು. 400ಕ್ಕೇ ನಿಲ್ಲಿಸಿ, ಪೇಸ್ಟಿನ ಮೇಲೆ ಐದೇ ಎಳೆತ ಕೊಟ್ಟದ್ದು ಎರಡೂವರೆ ತಿಂಗಳು ಕೊಯ್ದಿತು. ಗರಗಸದ ಸಣ್ಣ ಹಲ್ಲಿನಂತೆ ನಾರನ್ನು ಹಿಡಿದು ಹರಿಯುತ್ತೆ. ಅಕ್ಕಸಾಲಿ ಗೆಳೆಯನ ಭೂತಗನ್ನಡಿಯಲ್ಲಿ ನೋಡಿದರೆ ಆ ಗೆರೆಗಳು ಕಾಣುತ್ತವೆ. ಫೋಟೋಕ್ಕೆ ಕನ್ನಡಿ ಚಂದ, ಚೀಲಕ್ಕೆ 400 ಚಂದ.

ಮನೆ ಚಾಕು, ಈಳಗಿಗೆ ಇದ್ಯಾವುದೂ ಬೇಡ. ಹೋದ ವಾರ ಚಾಚಾ ಬಂದಾಗ ಅವ್ವನ ಈಳಗಿ ಕೊಟ್ಟೆ, ಎರಡು ನಿಮಿಷದಲ್ಲಿ ಮಾಡಿಕೊಟ್ಟರು. ಹೊರಡುವಾಗ, "ಆ ಕಲ್ಲು ತಿನ್ನೋ ಚಾಕು ಇನ್ನಾ ಅದ ಏನ್ರಿ?" ಅಂತ ಕೇಳಿದರು. ತೋರಿಸಿದೆ. ಹೆಬ್ಬೆರಳಲ್ಲಿ ಅಂಚು ಸವರಿ ನೋಡಿ, ವಜ್ರದ ಪ್ಲೇಟಿನ ರೇಟೆಷ್ಟು ಅಂತ ವಿಚಾರಿಸಿದರು.